ಕ್ರೇಟ್ ಲೆಕ್ಕದ ಜೀಪು

ನಮ್ಮ ಮನೆಯ ಜಗಲಿಯ ಅಂಚಿನ ಕೆಳಗೆ, ನೆಲದಲ್ಲಿ, ಒಂದು ನೀಲಿ ಟೊಮೇಟೊ ಕ್ರೇಟು ಬೋರಲು ಬಿದ್ದಿರುತ್ತದೆ. ಅದರ ಒಂದು ಮೂಲೆ ಸೀಳಿದೆ. ಬದಿಯಲ್ಲಿ ಯಾವುದೋ ಮಂಡಿಯವರು ಬಳಿದಿದ್ದ ಎರಡಕ್ಷರ ಅರ್ಧ ಅಳಿಸಿಹೋಗಿವೆ. ಮೊನ್ನೆ ಬಂದಿದ್ದ ನೆಂಟರೊಬ್ಬರು, ಇಷ್ಟು ಚೆನ್ನಾಗಿ ಮನೆ ಕಟ್ಟಿಸಿ ಬಾಗಿಲಲ್ಲಿ ಇದನ್ನು ಇಟ್ಟುಕೊಂಡಿದ್ದೀರಲ್ಲ ಎನ್ನುತ್ತಾ ಕಾಲಿನಿಂದ ಅದನ್ನು ಪಕ್ಕಕ್ಕೆ ತಳ್ಳಿದರು. ನನಗೆ ಸಿಟ್ಟು ನೆತ್ತಿಗೇರಿತು. ಅವರು ಒಳಗೆ ಹೋದ ಮೇಲೆ ಕ್ರೇಟನ್ನು ಎಳೆದು ಮೊದಲಿದ್ದ ಜಾಗಕ್ಕೇ ತಂದಿಟ್ಟೆ. ಅವರ ಕಾಫಿಗೆ ಸಕ್ಕರೆ ಹಾಕುವುದನ್ನು ಮರೆತೆ. ಬೇಕೆಂದೇ ಮರೆತೆ ಅಂತ ನಿಮ್ಮ ಹತ್ತಿರ ಹೇಳಿಕೊಳ್ಳುವುದಕ್ಕೆ ನನಗೇನೂ ಸಂಕೋಚವಿಲ್ಲ.

ಹೊರಗಿನವರಿಗೆ ಕ್ರೇಟಿನ ಮಹಿಮೆ ಗೊತ್ತಾಗುವುದಿಲ್ಲ. ನಮ್ಮ ಕೋಲಾರದ ಕಡೆ ಟೊಮೇಟೊ ತುಂಬುವುದು ಅದರ ಹಲವು ಕೆಲಸಗಳಲ್ಲಿ ಒಂದು, ಅಷ್ಟೇ. ಹೊಲದಿಂದ ಮಂಡಿಗೆ ಹೋದ ಕ್ರೇಟುಗಳು ಮತ್ತೆ ಹೊಲಕ್ಕೆ ಬರಬೇಕಾದರೂ ನಡುವೆ ಹೇಗೋ ಒಂದೆರಡು ಮನೆಗಳೊಳಗೆ ನುಗ್ಗಿಬಿಡುತ್ತವೆ. ಒಂದರಲ್ಲಿ ಕೋಳಿ ಕಾವಿಗೆ ಕೂರುತ್ತದೆ. ಇನ್ನೊಂದರಲ್ಲಿ ಮಕ್ಕಳ ಹಳೆಯ ಪುಸ್ತಕ. ಮದುವೆ ಮನೆಯಲ್ಲಿ ತೊಳೆದ ಲೋಟ ಬಸಿಯಲು ಅದೇ, ಟೀ ಅಂಗಡಿಯ ಮುಂದೆ ಕೂರಲು ಅದೇ. ಅಳತೆಗೂ ಅದೇ. ಗಾಡಿ ಎಷ್ಟು ದೊಡ್ಡದು ಎಂದು ಕೇಳಿದರೆ ಎಷ್ಟು ಕ್ರೇಟು ಹಿಡಿಯುತ್ತದೆಂದು ಹೇಳುತ್ತಾರೆ. ನಮ್ಮ ಬೀದಿಯಲ್ಲೊಬ್ಬರು ಮಗಳಿಗೆ ನೋಡಿದ ಹುಡುಗನ ಎತ್ತರವನ್ನು ಕೂಡ ಕ್ರೇಟು ಪೇರಿಸಿದ ಲೆಕ್ಕದಲ್ಲಿ ಹೇಳಿದ್ದರು. ಹುಡುಗಿ ಒಪ್ಪಿದಳು.

ಹೀಗಿರುವಾಗ ನಾವು ಜೀಪು ರಿಪೇರಿ ಮಾಡಿಸುವಾಗ ಅದನ್ನು ಕ್ರೇಟಿನಲ್ಲಿ ಅಳೆದದ್ದರಲ್ಲಿ ಆಶ್ಚರ್ಯವೇನಿಲ್ಲ. ತಪ್ಪಿದ್ದು ಅಲ್ಲೇ.

ಜೀಪು ನಮ್ಮ ಚಿಕ್ಕಮ್ಮನದು. ಸರೋಜ ಅಂತ ಹೆಸರು, ಅಮ್ಮನ ತಂಗಿ. ಹುಟ್ಟಿದ್ದು ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದಲ್ಲಿ. ಮದುವೆಯಾಗಿ ಹೋದದ್ದು ಶ್ರೀನಿವಾಸಪುರದ ಆಚೆ, ಆಂಧ್ರದ ಗಡಿಯಲ್ಲಿರುವ ರಾಯಲ್ಪಾಡಿನ ಮಾವಿನ ತೋಟಕ್ಕೆ. ಚಿಕ್ಕಪ್ಪ ಬಹಳ ಮೃದು ಸ್ವಭಾವದವರು. ಗೇರು ಬದಲಿಸುವಾಗ ಆ ಸದ್ದಿಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಒಂದು ಸಲ ಹಾಗೆ ಕಣ್ಣು ಮುಚ್ಚಿದಾಗ ಜೀಪು ಪಕ್ಕದವರ ಹುಲ್ಲಿನ ಬಣವೆಯೊಳಗೆ ಹೋಗಿ ನಿಂತಿತು. ಅಂದಿನಿಂದ ಓಡಿಸುವ ಕೆಲಸ ಚಿಕ್ಕಮ್ಮನಿಗೆ ಬಂತು. ಕೂರುವ ಜಾಗಕ್ಕೆ ಗೋಣಿಚೀಲ ಮಡಿಸಿ ಹಾಕಿಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಾವಿನಕಾಯಿ ತುಂಬಿದ ಜೀಪನ್ನು ಅವಳು ಶ್ರೀನಿವಾಸಪುರದ ಮಂಡಿಗೆ ತರುತ್ತಿದ್ದಳು. ಅವಳು ರಿವರ್ಸ್ ಹಾಕುವುದನ್ನು ನೋಡಲೆಂದೇ ಮಂಡಿಯಲ್ಲಿ ಗಂಡಸರು ಬೀಡಿ ಹಚ್ಚಿಕೊಂಡು ನಿಲ್ಲುತ್ತಿದ್ದರು. ಒಬ್ಬರು ಒಮ್ಮೆ, "ಏಮಮ್ಮಾ, ಮೀರೇ ತೋಲ್ತಾರಾ?" ಅಂತ, ನೀವೇ ಓಡಿಸ್ತೀರಾ ಎಂದು ತೆಲುಗಿನಲ್ಲಿ ಕೇಳಿದ್ದಕ್ಕೆ, "ನೇನೇ. ಪಕ್ಕಕು ಜರುಗು" ಅಂದಿದ್ದಳು. ಆತ ಸರಿದ ಜಾಗದಲ್ಲಿ ಜೀಪು ಒಂದೇ ಏಟಿಗೆ ಹೋಗಿ ನಿಂತಿತು. ಈ ಕಥೆಯನ್ನು ನಾನು ಸ್ಕೂಲಿನಲ್ಲಿ ಎಷ್ಟು ಸಲ ಹೇಳಿದ್ದೆನೆಂದರೆ ಕೊನೆಗೆ ಮೇಷ್ಟರು ಬೇರೆ ಚಿಕ್ಕಮ್ಮಂದಿರ ಕಥೆಯಿದ್ದರೆ ಹೇಳು ಅಂದರು.

ಬೇಸಿಗೆ ರಜೆಯೆಲ್ಲ ನನ್ನದು ಅಲ್ಲೇ. ಜೀಪಿನ ಹಿಂದೆ ಮಾವಿನಕಾಯಿಯ ರಾಶಿಯ ಮೇಲೆ ಕೂತು ಕಾಲು ಇಳಿಬಿಟ್ಟುಕೊಂಡು ಹೋಗುತ್ತಿದ್ದೆವು. ಕೂತಲ್ಲೇ ಒಂದೊಂದು ಕಚ್ಚಿ, ಸೊನೆ ತಾಗಿ ತುಟಿಯ ಪಕ್ಕ ಸುಟ್ಟು, ಸ್ಕೂಲು ಶುರುವಾಗುವ ಹೊತ್ತಿಗೆ ನಮ್ಮ ಮನೆಯ ಮಕ್ಕಳೆಲ್ಲರಿಗೂ ಒಂದೇ ಥರದ ಕಪ್ಪು ಗುರುತು. ಆ ಜೀಪಿನಲ್ಲಿ ದೊಡ್ಡ ಗೇರಿನ ಪಕ್ಕ ಎರಡು ಚಿಕ್ಕ ಗೇರಿನ ಕಡ್ಡಿಗಳಿದ್ದವು. ನಾಲ್ಕು ಚಕ್ರಕ್ಕೂ ಎಳೆಯುವ ಶಕ್ತಿ ಕೊಡುವುದಕ್ಕೆ ಅಂತ ಅವು. ಚಿಕ್ಕಮ್ಮ ಒಂದಕ್ಕೆ ತನ್ನ ವ್ಯಾನಿಟಿ ಬ್ಯಾಗು, ಇನ್ನೊಂದಕ್ಕೆ ನೀರಿನ ಚೆಂಬಿನ ಚೀಲ ನೇತುಹಾಕುತ್ತಿದ್ದಳು. ಅವು ಇರುವುದೇ ಅದಕ್ಕೆ ಅಂತ ನಾನು ಬಹಳ ಕಾಲ ನಂಬಿದ್ದೆ.

ನನಗೆ ಓಡಿಸಲು ಕಲಿಸಿದ್ದೂ ಅವಳೇ. ದೇವರಾಯಸಮುದ್ರದ ಕೆರೆಯಂಗಳದಲ್ಲಿ. ಆಗ ನಮ್ಮ ಕಡೆ ಕೆರೆಗಳೆಂದರೆ ನೀರಿರುವ ಜಾಗವೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಕ್ರಿಕೆಟ್ಟು ಅಲ್ಲೇ, ಸೈಕಲ್ ಕಲಿಯುವುದು ಅಲ್ಲೇ, ಕಾರು ಕೊಂಡವರು ಹೆಂಡತಿಯ ಕೈಗೆ ಮೊದಲ ಸಲ ಸ್ಟೇರಿಂಗು ಕೊಡುತ್ತಿದ್ದದ್ದೂ ಅಲ್ಲೇ. ಗುದ್ದಿದರೆ ಜಾಲಿಗಿಡಕ್ಕೆ ಗುದ್ದಬೇಕು, ಅಷ್ಟೇ. ನಾನು ಒಂದು ಜಾಲಿಗಿಡಕ್ಕೆ ಎಷ್ಟು ಸಲ ಗುದ್ದಿದೆನೆಂದರೆ ಅದು ಆ ವರ್ಷ ಹೂ ಬಿಡಲಿಲ್ಲ. ಚಿಕ್ಕಮ್ಮ ಬಯ್ಯಲಿಲ್ಲ. ಪಕ್ಕದಲ್ಲಿ ಕೂತು ಹುರಿಗಡಲೆ ತಿನ್ನುತ್ತಾ, ಗಾಡಿಯನ್ನು ಕಣ್ಣಲ್ಲಿ ಓಡಿಸಬೇಡ, ಕೂತಿರುವ ಜಾಗದಿಂದ ಓಡಿಸು ಅನ್ನುತ್ತಿದ್ದಳು. ಅರ್ಥವಾಗದೆ ತಲೆಯಾಡಿಸುತ್ತಿದ್ದೆ.

ಕಾಲ ಕಳೆಯಿತು. ಚಿಕ್ಕಪ್ಪ ಹೋದರು. ಮಾವಿನಕಾಯಿ ಸಾಗಿಸಲು ಹೊಸ ಗಾಡಿಗಳು ಬಂದವು. ಜೀಪು ತೋಟದ ಹುಣಸೆಮರದ ಕೆಳಗೆ ನಿಂತಿತು. ಚಿಕ್ಕಮ್ಮನ ಮಗ ರಮೇಶ ಅದನ್ನು ಗುಜರಿಗೆ ಹಾಕುತ್ತೇನೆ ಅಂದಾಗಲೆಲ್ಲ ಅವಳು, ಹಾಕು, ಜೊತೆಗೆ ನನ್ನನ್ನೂ ಹಾಕು ಅನ್ನುತ್ತಿದ್ದಳಂತೆ. ಕೋಳಿಗಳು ಹಿಂದಿನ ಸೀಟಿನಲ್ಲಿ ಮೊಟ್ಟೆಯಿಡತೊಡಗಿದವು.

ಆಮೇಲೆ ಅವಳ ಕಣ್ಣಿಗೆ ಬಂತು. ಬಾಗಿಲ ಚೌಕಟ್ಟಿಗೆ ಭುಜ ತಾಗುವುದು, ಪಕ್ಕದಲ್ಲಿಟ್ಟ ಲೋಟ ಉರುಳುವುದು. ವಯಸ್ಸು ಅಂದುಕೊಂಡೆವು. ಡಾಕ್ಟರು ನೋಡಿ, ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಸಾಯುತ್ತಿದೆ, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಡ್ರಾಪ್ಸ್ ಹಾಕಿ ಹಿಡಿದಿಡಲು ನೋಡೋಣ ಅಂದರು. ಆಸ್ಪತ್ರೆಗೆ ಓಡಾಡಲು ಹತ್ತಿರವೆಂದು ಅವಳು ಮುಳಬಾಗಿಲಿನ ನಮ್ಮ ಮನೆಗೆ ಬಂದಳು. ಹೇಗೆ ಕಾಣಿಸುತ್ತದೆ ಅಂತ ಕೇಳಿದೆ. ತನ್ನ ಬಳೆಯೊಂದನ್ನು ಬಿಚ್ಚಿ ನನ್ನ ಕಣ್ಣಿನಿಂದ ಒಂದು ಮಾರು ದೂರ ಹಿಡಿದು, "ಇದರೊಳಗೆ ಎಷ್ಟಿದೆಯೋ ಅಷ್ಟು. ಸುತ್ತ ಏನೂ ಇಲ್ಲ" ಅಂದಳು. ಮತ್ತೆ ಬಳೆ ತೊಟ್ಟುಕೊಂಡು ಅವರೆಕಾಯಿ ಬಿಡಿಸಲು ಕೂತಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತು ಬಂದೆ.

ಅದೇ ವರ್ಷ ಮಳೆ ಬಿಡದೆ ಸುರಿಯಿತು. ದೇವರಾಯಸಮುದ್ರದ ಕೆರೆ ತುಂಬಿತು. ತುಂಬಿದ್ದಲ್ಲದೆ ಹೆಚ್ಚಿದ ನೀರು ಕೋಡಿಯ ಮೇಲೆ ಹರಿದು ಕೆಳಗಿನ ಕೆರೆಗೆ ಹೊರಟಿತು. ಸುತ್ತಲ ಊರುಗಳವರೆಲ್ಲ ಕೋಡಿ ನೋಡಲು ಹೊರಟರು. ಹೆಂಗಸರು ಅರಿಶಿನ ಕುಂಕುಮ ಹಿಡಿದು ಹೋದರೆ, ಗಂಡಸರು ಕೋಡಿಯ ನೀರಲ್ಲಿ ಸ್ಕೂಟರು ತೊಳೆದುಕೊಂಡು ಬಂದರು. ನಾನೂ ಚಿಕ್ಕಮ್ಮನನ್ನು ಕಾರಿನಲ್ಲಿ ಕರೆದುಕೊಂಡು ಹೋದೆ. ಕಟ್ಟೆಯ ಮೇಲೆ ನಿಂತಳು. ಆ ಕಡೆ ಈ ಕಡೆ ತಲೆ ತಿರುಗಿಸಿದಳು. ಆಮೇಲೆ ಕೆರೆಯ ಹಿಂದಿನ ಬೆಟ್ಟದ ಕಡೆ ಕೈ ತೋರಿಸಿ ಒಂದು ಮಾತು ಹೇಳಿದಳು.

ಅವಳು ಚಿಕ್ಕವಳಾಗಿದ್ದಾಗ ಒಂದು ವರ್ಷ ಹೀಗೇ ಕೋಡಿ ಹರಿದಾಗ ನಮ್ಮ ತಾತ ಅವಳನ್ನೂ ಅಮ್ಮನನ್ನೂ ಆ ಬೆಟ್ಟದ ಮೇಲಕ್ಕೆ ಕರೆದುಕೊಂಡು ಹೋಗಿದ್ದರಂತೆ. ಒಂದು ಕೆರೆ ತುಂಬಿದರೆ ಅದರ ನೀರು ಕೆಳಗಿನದಕ್ಕೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಹೀಗೆ ಸಾಲಾಗಿ ತುಂಬಿದ ಕೆರೆಗಳೆಲ್ಲ ಬೆಟ್ಟದ ಮೇಲಿನಿಂದ ಒಟ್ಟಿಗೆ ಕಾಣಿಸುತ್ತಿದ್ದವಂತೆ. "ಆಮೇಲೆ ಯಾವತ್ತೂ ತುಂಬ್ಲಿಲ್ಲ ಕಣೇ ಪದ್ದಿ. ಈಗ ತುಂಬಿವೆ. ನನಗಿನ್ನೂ ಬಳೆಯಷ್ಟು ಕಾಣ್ಸತ್ತೆ. ಬೇಸಿಗೆ ಬಂದ್ರೆ ನೀರೂ ಇಳಿಯತ್ತೆ, ಇದೂ ಇಳಿಯತ್ತೆ." ಇನ್ನೊಂದು ಸಲ ಮೇಲಿನಿಂದ ನೋಡಬೇಕು, ಅವಳು ಕೇಳಿದ್ದು ಅಷ್ಟೇ. ಅವಳಿಗೆ ಮೊಣಕಾಲಿನ ಕೀಲು ಸವೆದಿತ್ತು. ಸಮತಟ್ಟಾದ ನೆಲದಲ್ಲೇ ನನ್ನ ತೋಳು ಹಿಡಿದು ನಡೆಯುತ್ತಿದ್ದಳು. ಬೆಟ್ಟಕ್ಕೆ ಇದ್ದದ್ದು ಹಿಂದೆ ಕಲ್ಲು ಒಡೆಯುವವರು ಗಾಡಿ ಓಡಿಸಿದ್ದ ಒಂದು ಜಾಡು. ಮಳೆಗೆ ಕೊರೆದು ಅದರಲ್ಲಿ ಈಗ ಬಂಡೆ ಮತ್ತು ನೊರಜುಗಲ್ಲು ಬಿಟ್ಟರೆ ಏನೂ ಉಳಿದಿರಲಿಲ್ಲ.

ಸಲಹೆಗಳಿಗೇನು ಬರವೇ? ಡ್ರೋನ್ ಹಾರಿಸಿ ವಿಡಿಯೋ ಮಾಡಿ ಟೀವಿಯಲ್ಲಿ ತೋರಿಸಿ ಅಂತ ಒಬ್ಬರು. ಮೇಲೆ ನಿಂತು ನೋಡುವುದನ್ನು ಟೀವಿಯಲ್ಲಿ ನೋಡಿದರೆ ಅದು ಟೀವಿ ನೋಡಿದ ಹಾಗಾಯಿತು ಅಂದಳು ಚಿಕ್ಕಮ್ಮ. ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಎತ್ತಿಕೊಂಡು ಹೋಗೋಣ ಅಂತ ರಮೇಶ ಫೋನಿನಲ್ಲಿ ಹೇಳಿದ. "ನಾಲ್ಕ್ ಜನ ಎತ್ಕೊಂಡ್ ಹೋಗೋದು ಒಂದೇ ಸಲ. ಅದಕ್ಕಿನ್ನೂ ಟೈಮ್ ಇದೆ" ಅಂದು ಫೋನು ನನ್ನ ಕೈಗೆ ಕೊಟ್ಟಳು. ನಾನು ಅವನಿಗೆ, ಹುಣಸೆಮರದ ಕೆಳಗಿನ ಕೋಳಿಗಳಿಗೆ ಬೇರೆ ಮನೆ ನೋಡು, ಜೀಪು ತಗೊಂಡು ಹೋಗುತ್ತೇನೆ ಅಂದೆ. ಆ ಕ್ಷಣದವರೆಗೆ ನನಗೇ ಅದು ಗೊತ್ತಿರಲಿಲ್ಲ. ಬಾಯಿಂದ ಹೊರಬಿದ್ದ ಮೇಲೆ ಮಾಡದೆ ಬಿಡುವ ಜಾತಿಯವಳಲ್ಲ ನಾನು. ನನ್ನ ಮೊಂಡುತನಕ್ಕೆ ಅಮ್ಮ ಇಟ್ಟಿದ್ದ ಹೆಸರು ಇಲ್ಲಿ ಬೇಡ.

ಬಸ್ ನಿಲ್ದಾಣದಿಂದ ಸ್ವಲ್ಪ ಆಚೆ, ದೋಸೆ ಹೋಟೆಲಿನ ಹಿಂಬದಿಗೆ ಅಮ್ಜದನ ಶೆಡ್ಡು ಇದೆ. ನಾವಿಬ್ಬರೂ ಹೈಸ್ಕೂಲಿನಲ್ಲಿ ಒಟ್ಟಿಗೆ ಓದಿದವರು. ಅವನ ಅಜ್ಜ ಕುದುರೆಗಾಡಿಗೆ ಚಕ್ರ ಮಾಡುತ್ತಿದ್ದರು. ಇವನು ಲಾರಿ, ಟ್ರಾಕ್ಟರು ಎಲ್ಲ ಬಿಚ್ಚುತ್ತಾನೆ. ಕೆಲಸಗಾರ ಒಳ್ಳೆಯವನೇ, ಆದರೆ ತಾನು ಹೇಳಿದ್ದೇ ಸರಿ ಅನ್ನುವುದರಲ್ಲಿ ನನಗೇ ಅಣ್ಣ. ಜೀಪನ್ನು ರಾಯಲ್ಪಾಡಿನಿಂದ ಟ್ರಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದು ಅವನ ಮುಂದೆ ನಿಲ್ಲಿಸಿದಾಗ ಅವನು ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಹಿಂದಿನ ಸೀಟಿನಿಂದ ಒಂದು ಮೊಟ್ಟೆ ಎತ್ತಿಕೊಂಡು ಅಲುಗಾಡಿಸಿ ನೋಡಿದ. ಇಂಜಿನ್ನು ಬದುಕುತ್ತದೆ, ಮೊಟ್ಟೆ ಬದುಕುವುದಿಲ್ಲ ಅಂದ.

ಅಲ್ಲಿಂದ ನನ್ನ ಬದುಕು ಬದಲಾಯಿತು. ನಾನು ಜನರ ತೆರಿಗೆ ಲೆಕ್ಕ ಬರೆದುಕೊಡುವವಳು. ಬೆಳಿಗ್ಗೆ ಆಫೀಸು, ಸಂಜೆ ಶೆಡ್ಡು. ನನ್ನ ಬೆರಳಿನ ಸಂದಿನಿಂದ ಗ್ರೀಸು ಹೋಗುವುದನ್ನೇ ಬಿಟ್ಟಿತು. ಕಡತಗಳ ಮೇಲೆಲ್ಲ ನನ್ನ ಹೆಬ್ಬೆಟ್ಟು ಬಿತ್ತು. ಜೀಪಿನ ಬ್ರೇಕು ಸತ್ತಿತ್ತು, ವೈರುಗಳನ್ನು ಇಲಿ ತಿಂದಿತ್ತು, ನಾಲ್ಕು ಚಕ್ರಕ್ಕೆ ಶಕ್ತಿ ಹಂಚುವ ಪೆಟ್ಟಿಗೆಯೊಳಗೆ ಹಲ್ಲುಗಳೇ ಉಳಿದಿರಲಿಲ್ಲ. ಅದಕ್ಕಾಗಿ ಮಾಲೂರಿನ ಗುಜರಿಗಳನ್ನೆಲ್ಲ ಸುತ್ತಿದೆವು. ತುಕ್ಕಿನ ಗುಡ್ಡಗಳ ನಡುವೆ ನಾನು ಸೀರೆ ಎತ್ತಿ ಹಿಡಿದು ನಡೆಯುವುದನ್ನು ನೋಡಿ ಅಂಗಡಿಯವನೊಬ್ಬ, ಮೇಡಂ ಹಳೇ ಕಬ್ಬಿಣದ ಬೀರು ಹುಡುಕುತ್ತಿದ್ದಾರಾ ಅಂತ ಅಮ್ಜದನನ್ನು ಕೇಳಿದ. ಗೇರುಪೆಟ್ಟಿಗೆ ಅಂತ ನಾನೇ ಹೇಳಿದೆ. ಯಾವ ಗಾಡಿಯದು, ಹಲ್ಲು ಎಷ್ಟು, ಎಲ್ಲ ಹೇಳಿದೆ. ಆಮೇಲೆ ಅವನು ನನ್ನ ಜೊತೆಯೇ ವ್ಯಾಪಾರ ಮಾಡಿದ. ಪೆಟ್ಟಿಗೆಯೇನೋ ಸಿಕ್ಕಿತು. ಮುಂದಿನ ಆಕ್ಸಲಿಗೆ ಬೇಕಾದದ್ದು ಸಿಗಲಿಲ್ಲ. ವಕ್ಕಲೇರಿಯಲ್ಲಿ ಹಾಲಿನ ಕ್ಯಾನು ಸಾಗಿಸುತ್ತಿದ್ದ ಇಂಥದೇ ಜೀಪೊಂದು ಹಸುವಿನ ಕೊಟ್ಟಿಗೆಯಲ್ಲಿ ಮಲಗಿದೆಯೆಂದು ತಿಳಿದು, ಒಂದು ಇಡೀ ಭಾನುವಾರ ಆ ಮನೆಯವರ ಹಸುಗಳನ್ನು ಹೊಗಳಿ ಅದನ್ನು ಬಿಡಿಸಿಕೊಂಡು ಬಂದೆ.

ಅಮ್ಜದನ ತಲೆಯಲ್ಲಿ ಬೇರೆಯೇ ಕನಸಿತ್ತು. ಎಲ್ಲೆಲ್ಲೋ ಹಿಮದಲ್ಲಿ, ಹೊಳೆಯಲ್ಲಿ ಜೀಪು ಓಡಿಸುವವರ ವಿಡಿಯೋ ನೋಡಿ ಅವನಿಗೂ ಆಸೆಯಾಗಿತ್ತು. ನಾನು ಆಫೀಸಿನಲ್ಲಿದ್ದಾಗ ಬಾನೆಟ್ಟಿನ ಪಕ್ಕ ಒಂದು ಉದ್ದ ಕೊಳವೆ ನಿಲ್ಲಿಸಿದ್ದ. ಇದೇನು ಅಂದೆ. ಗಾಡಿ ನೀರಲ್ಲಿ ಮುಳುಗಿದರೂ ಇಂಜಿನ್ನು ಮೇಲಿನಿಂದ ಗಾಳಿ ಎಳೆದುಕೊಳ್ಳಲಿಕ್ಕೆ ಅಂದ. ಕೋಲಾರ ಜಿಲ್ಲೆಯಲ್ಲಿ ಗಾಡಿ ಮುಳುಗುವುದಕ್ಕೆ ಮುಂಚೆ ಜನ ಆ ನೀರನ್ನು ಕೊಡದಲ್ಲಿ ತುಂಬಿಕೊಂಡು ಹೋಗಿರುತ್ತಾರೆ ಅಂದೆ. ಅವನಿಗೆ ಬೇಜಾರಾಯಿತು, ಕೊಳವೆ ಮಾತ್ರ ಹಾಗೆಯೇ ಉಳಿಯಿತು. ಹಿಂದಿನ ತೊಟ್ಟಿ ಕಟ್ಟಿದವನು ಜೀವನಪೂರ್ತಿ ಟೊಮೇಟೊ ಗಾಡಿಗಳಿಗೆ ತೊಟ್ಟಿ ಕಟ್ಟಿದವನು. ಚಾರಣಕ್ಕೆ, ಬೆಟ್ಟಕ್ಕೆ ಅಂತ ಎಷ್ಟು ಬಿಡಿಸಿ ಹೇಳಿದರೂ ಕೊನೆಗೆ ಕ್ರೇಟುಗಳು ಇಂಚೂ ಅಲ್ಲಾಡದ ಹಾಗೆ ಅಳೆದು, ಹಗ್ಗಕ್ಕೆ ಕೊಂಡಿಯನ್ನೂ ಇಟ್ಟು ಬೆಸೆದುಕೊಟ್ಟ. ಸರಿಯಾಗಿದೆಯೋ ಎಂದು ನೋಡಲು ಒಳಗೆ ಜೋಡಿಸಿದ್ದ ಖಾಲಿ ಕ್ರೇಟುಗಳನ್ನು ತೆಗೆಯಲಿಲ್ಲ. ನಮಗೂ ತೆಗೆಯಲು ತೋಚಲಿಲ್ಲ.

ಮೊದಲ ಸಲ ನಾನೂ ಅಮ್ಜದೂ ಬೆಟ್ಟಕ್ಕೆ ಹೋಗಿ ನೋಡಿದೆವು. ಬ್ಯಾಗು ನೇತುಹಾಕುತ್ತಿದ್ದ ಕಡ್ಡಿಯನ್ನು ಎಳೆದಾಗ ಮುಂದಿನ ಚಕ್ರಗಳು ನೆಲ ಹಿಡಿದವು. ನನಗೆ ರೋಮಾಂಚನವಾಯಿತು. ಬೆಟ್ಟದ ಬಹುಪಾಲು ಹತ್ತಿದೆವು. ಕೊನೆಯ ತಿರುವಿನಲ್ಲಿ ಬಂಡೆಯ ಮೇಲೆ ನೊರಜುಗಲ್ಲು ಹರಡಿದ್ದ ಒಂದು ಏರು ಇತ್ತು. ಅಲ್ಲಿ ಹಿಂದಿನ ಚಕ್ರಗಳು ನಿಂತಲ್ಲೇ ತಿರುಗಿದವು. ಕಲ್ಲು ಸಿಡಿಯಿತು, ರಬ್ಬರು ಸುಟ್ಟ ವಾಸನೆ ಬಂತು, ಜೀಪು ಹಿಂದಕ್ಕೆ ಜಾರಿತು. ಬ್ರೇಕು ಒತ್ತಿ ಹಿಡಿದು, ರಿವರ್ಸಿನಲ್ಲೇ ಕೆಳಗೆ ಬಂದೆ. ಅಮ್ಜದ್ ಆ ಏರಿನ ಬುಡದಲ್ಲಿ ಗಾಡಿಯ ತಳ ತಾಗಿದ್ದ ಕಲ್ಲಿನ ಮೆಟ್ಟಿಲಿಗೆ ಕ್ರೇಟು ಹಿಡಿದು ಅಳೆದ. ಗಾಡಿ ಎತ್ತರ ಸಾಲದು, ಕೆಳಗೆ ಒಂದು ಕ್ರೇಟು ನಿಲ್ಲಿಸಿದರೂ ತಾಗದ ಹಾಗೆ ಮೇಲೆತ್ತಬೇಕು ಅಂದ. ನಾನೂ ಹೌದು ಅಂದೆ. ದೊಡ್ಡ ಟೈರು ಬಂದವು. ಸ್ಪ್ರಿಂಗ್ ಪಟ್ಟಿಗಳ ಕೆಳಗೆ ಕಬ್ಬಿಣದ ಗಟ್ಟಿ ಸೇರಿದವು. ಹತ್ತುವವರು ಹಿಡಿದುಕೊಳ್ಳಲಿ ಅಂತ ಬಾಗಿಲ ಕಂಬಿಗೆ ಒಂದು ಕಬ್ಬಿಣದ ಹಿಡಿಯನ್ನೂ ಅಮ್ಜದ್ ಬೆಸೆದ. ಕ್ರೇಟು ಜೀಪಿನ ಕೆಳಗೆ ಸಲೀಸಾಗಿ ಈ ಕಡೆಯಿಂದ ಆ ಕಡೆಗೆ ಹೋಯಿತು. ನಾವಿಬ್ಬರೂ ದೋಸೆ ತಿಂದು ಸಂಭ್ರಮಪಟ್ಟೆವು.

ಜೀಪನ್ನು ಮನೆಯ ಮುಂದೆ ತಂದು ನಿಲ್ಲಿಸಿದೆ. ಚಿಕ್ಕಮ್ಮ ಇಸ್ತ್ರಿ ಮಾಡಿದ ಹಸಿರು ಸೀರೆಯುಟ್ಟು, ಬುತ್ತಿಯ ಚೀಲ ಹಿಡಿದು ಬಂದಳು. ಕಾಲು ಎತ್ತಿದಳು. ಕಾಲು ಎಲ್ಲಿಗೂ ತಲುಪಲಿಲ್ಲ. ಮತ್ತೆ ಎತ್ತಿದಳು. ಅಮ್ಜದ್ ಬೆಸೆದಿದ್ದ ಹಿಡಿ ಅವನ ಭುಜಕ್ಕೆ ಸರಿಯಾಗಿತ್ತು, ಇವಳ ನೆತ್ತಿಗಿಂತ ಮೇಲಿತ್ತು. ಯಾರಿಗಾಗಿ ಇಷ್ಟೆಲ್ಲ ಮಾಡಿದ್ದೆವೋ ಅವರ ಕಾಲನ್ನು ಮಾತ್ರ ನಾವು ಅಳೆದಿರಲಿಲ್ಲ. ಗೇರಿನ ಹಲ್ಲು ಎಣಿಸಿದವಳು ನಾನು. ಆ ಹೊತ್ತು ಬೀದಿಯವರೆಲ್ಲ ಹೊರಗೆ ಬಂದು ಏಣಿ ತರಲೇ, ಸ್ಟೂಲು ತರಲೇ ಅನ್ನುತ್ತಿದ್ದಾಗ ನನಗೆ ಮುಖ ಎಲ್ಲಿಡಬೇಕೋ ಗೊತ್ತಾಗಲಿಲ್ಲ. ಚಿಕ್ಕಮ್ಮ ಸುಮ್ಮನೆ ಕೈ ಚಾಚಿ, ಹಿಂದಿನ ತೊಟ್ಟಿಯಲ್ಲಿ ಏನೋ ಇದೆಯಲ್ಲ, ಅದನ್ನು ಕೊಡಿ ಅಂದಳು. ನೀಲಿ ಕ್ರೇಟೊಂದನ್ನು ಬೋರಲು ಹಾಕಿದೆವು. ಅದರ ಮೇಲೆ ಒಂದು ಕಾಲಿಟ್ಟಳು, ನನ್ನ ಭುಜ ಹಿಡಿದಳು, ಅಮ್ಜದ್ ಹಿಂದಿನಿಂದ ಬೆನ್ನಿಗೆ ಕೈ ಕೊಟ್ಟ. ಹತ್ತಿ ಕೂತಳು. ಕೂತವಳು ಸೀಟಿನ ಮೇಲೆ ಕೈಯಾಡಿಸಿ, ಗೋಣಿಚೀಲ ಎಲ್ಲಿ ಅಂತ ಕೇಳಿದಳು.

ಅಮ್ಜದನಿಗೆ ತಾನೇ ಓಡಿಸುವ ಆಸೆ. ಹೋದ ಸಲ ಆ ಏರಿನಲ್ಲಿ ನೀನು ಜಾರಿದೆಯಲ್ಲ ಅಂತ ಹೇಳಿಯೂ ಹೇಳಿದ. ಸುಳ್ಳೇನಲ್ಲ. ಆದರೆ ಚಿಕ್ಕಮ್ಮ, "ಪದ್ದಿನೇ ಓಡಿಸ್ಲಿ. ನಾನ್ ಕಲ್ಸಿರೋದು" ಅಂದಳು. ಅವನು ಹಿಂದೆ ಕ್ರೇಟುಗಳ ನಡುವೆ ಕೂತ. ದಾರಿಯಲ್ಲಿ ಕೋಡಿಯ ನೀರು ರಸ್ತೆಗೆ ಅಡ್ಡ ಹರಿಯುತ್ತಿತ್ತು. ಅಮ್ಜದ್ ಉತ್ಸಾಹದಿಂದ ಎದ್ದು ನಿಂತು ಕೊಳವೆಯ ಕಡೆ ನೋಡಿದ. ನೀರು ಟೈರಿನ ಅರ್ಧಕ್ಕೂ ಬರಲಿಲ್ಲ. ಅವನು ಕೂತುಕೊಂಡ.

ಬೆಟ್ಟದ ಜಾಡಿನಲ್ಲಿ ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಹೆದರಿಕೆಯೇ ಅಂದೆ. ಇಂಜಿನ್ನು ಕೇಳಿಸಿಕೊಳ್ಳುತ್ತಿದ್ದೇನೆ ಅಂದಳು. ಕೊನೆಯ ತಿರುವು ಬಂತು. ಬುಡದ ಕಲ್ಲಿನ ಮೆಟ್ಟಿಲನ್ನು ಜೀಪು ತಾಗದೆ ದಾಟಿತು. ಅಮ್ಜದ್ ಹಿಂದಿನಿಂದ ಶಹಬ್ಬಾಸ್ ಅಂದ. ನೊರಜುಗಲ್ಲಿನ ಮೇಲೆ ಬಂದೊಡನೆ ಹಿಂದಿನ ಚಕ್ರಗಳು ಮೊದಲಿನ ಹಾಗೆಯೇ ತಿರುಗಿದವು, ಜೀಪು ಮೊದಲಿನ ಹಾಗೆಯೇ ಜಾರಿತು. ನಾನು ಬ್ರೇಕು ಹಿಡಿದೆ. ಮತ್ತೆ ಬಿಟ್ಟೆ, ಮತ್ತೆ ಜಾರಿತು. ಪಕ್ಕದಲ್ಲಿ ಅವಳಿದ್ದಾಳೆ, ಈ ಕಡೆ ಇಳಿಜಾರು. ವಾಪಸ್ ಹೋಗೋಣವೇ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಆಡಿದ್ದರೆ ಮತ್ತೆ ಬರುವ ಹೊತ್ತಿಗೆ ನೀರಿರುತ್ತಿರಲಿಲ್ಲ, ಬಳೆಯೂ ಇರುತ್ತಿರಲಿಲ್ಲ. ನುಂಗಿಕೊಂಡೆ.

ಚಿಕ್ಕಮ್ಮ ಕಣ್ಣು ತೆರೆದು, "ಹಿಂದೆ ಏನ್ ತುಂಬಿದೀರಾ?" ಅಂತ ಕೇಳಿದಳು.

ಏನೂ ಇಲ್ಲ, ಖಾಲಿ ಕ್ರೇಟು, ಮತ್ತೆ ಅಮ್ಜದ್ ಅಂದೆ.

"ಅದೇ ಮತ್ತೆ. ಖಾಲಿ ಗಾಡಿ ಕುಣಿಯತ್ತೆ ಕಣೇ. ನಾನ್ ಯಾವತ್ತು ಖಾಲಿ ಗಾಡಿ ಏರು ಹತ್ಸಿದೀನಿ? ಮಾವಿನಕಾಯಿ ಇದ್ರೆ ತಾನಾಗೇ ಹತ್ತತ್ತೆ."

ನಾನೂ ಅಮ್ಜದೂ ಮುಖ ಮುಖ ನೋಡಿಕೊಂಡೆವು. ನಾವು ಎತ್ತರದ ಬಗ್ಗೆ ಜಗಳವಾಡಿದ್ದೆವು, ಟೈರಿನ ಬಗ್ಗೆ ಆಡಿದ್ದೆವು, ಕೊಳವೆಯ ಬಗ್ಗೆಯೂ ಆಡಿದ್ದೆವು. ಭಾರದ ಮಾತು ಇಬ್ಬರಿಗೂ ಬಂದಿರಲಿಲ್ಲ. ಬೆಟ್ಟದಲ್ಲಿ ಕಲ್ಲಿಗೇನು ಕೊರತೆ? ಚಕ್ರಗಳ ಹಿಂದೆ ಬಂಡೆ ಕೊಟ್ಟು, ಚಿಕ್ಕಮ್ಮನನ್ನು ಹಾಗೆಯೇ ಕೂರಿಸಿ, ಇಬ್ಬರೂ ಕ್ರೇಟುಗಳಿಗೆ ಕಲ್ಲು ತುಂಬಿದೆವು. ಬಿಸಿಲೇರಿತ್ತು. ನನ್ನ ಉಗುರು ಮುರಿದವು. ಅಮ್ಜದ್, "ನಕ್ಕೋ, ಬೇಡ ಪದ್ಮಾ, ನೀನು ಕೂತ್ಕೋ, ನಾನ್ ಮಾಡ್ತೀನಿ" ಅಂದರೂ ನಾನು ಬಿಡಲಿಲ್ಲ. ಟೊಮೇಟೊ ಗಾಡಿಯವನು ಅಳೆದು ಕಟ್ಟಿದ್ದ ತೊಟ್ಟಿಯಲ್ಲಿ ಕಲ್ಲಿನ ಕ್ರೇಟುಗಳು ಒಂದಿಷ್ಟೂ ಅಲ್ಲಾಡದೆ ಕೂತವು. ಅವನಿಟ್ಟಿದ್ದ ಕೊಂಡಿಗೆ ಹಗ್ಗ ಬಿಗಿದೆವು. ಮನಸ್ಸಿನಲ್ಲೇ ಅವನಿಗೊಂದು ನಮಸ್ಕಾರ ಹಾಕಿದೆ.

ಈ ಸಲ ಚಿಕ್ಕಮ್ಮ ನನ್ನ ತೊಡೆಯ ಮೇಲೆ ಕೈಯಿಟ್ಟಳು. ಅವಸರ ಮಾಡಬೇಡ, ಕೂತಿರುವ ಜಾಗದಿಂದ ಓಡಿಸು ಅಂದಳು. ಕ್ಲಚ್ಚು ನಿಧಾನವಾಗಿ ಬಿಟ್ಟೆ. ಹಿಂದಿನ ಚಕ್ರಗಳು ಕಲ್ಲನ್ನು ಅಗಿದು ಹಿಡಿದದ್ದು ನನ್ನ ಸೀಟಿನ ಕೆಳಗೆ ನನಗೆ ತಿಳಿಯಿತು. ಅಷ್ಟು ವರ್ಷ ತಲೆಯಾಡಿಸಿದ ಮಾತಿನ ಅರ್ಥ ಆಗ ಆಯಿತು. ಜೀಪು ನರಳಿಕೊಂಡು, ಹೆಜ್ಜೆ ಹೆಜ್ಜೆಯಾಗಿ, ಏರು ಹತ್ತಿ ಮೇಲಿನ ಚಪ್ಪಟೆ ಬಂಡೆಯ ಮೇಲೆ ಹೋಗಿ ನಿಂತಿತು. ಇಂಜಿನ್ನು ಆರಿಸಿದ ಮೇಲೂ ನನ್ನ ಕೈ ಸ್ಟೇರಿಂಗನ್ನು ಬಿಡಲಿಲ್ಲ.

ಮೇಲೆ ಗಾಳಿ ಜೋರಾಗಿತ್ತು. ಬಂಡೆಯ ನಡುವಿನ ದೊಣೆಯಲ್ಲಿ ಮಳೆನೀರು ತುಂಬಿತ್ತು. ಅಮ್ಜದ್ ಕುದಿಯುತ್ತಿದ್ದ ರೇಡಿಯೇಟರಿಗೆ ಅದನ್ನು ಮೊಗೆದು ತರಲು ಹೋದ. ನಾನು ಚಿಕ್ಕಮ್ಮನನ್ನು ಅಂಚಿನವರೆಗೆ ನಡೆಸಿಕೊಂಡು ಹೋಗಿ ಸೊಂಟ ಬಳಸಿ ಹಿಡಿದು ನಿಂತೆ. ಕೆಳಗೆ ಕೆರೆಗಳು. ಒಂದರ ಆಚೆ ಒಂದು, ಅದರಾಚೆ ಇನ್ನೊಂದು, ಎಲ್ಲವೂ ಬಿಸಿಲಿಗೆ ಹೊಳೆಯುತ್ತಿದ್ದವು. ನಾನು ಒಂದೇ ನೋಟದಲ್ಲಿ ಎಲ್ಲವನ್ನೂ ನೋಡಿಬಿಟ್ಟೆ. ಅವಳಿಗೆ ಅದು ಸಾಧ್ಯವಿರಲಿಲ್ಲ. ತಲೆಯನ್ನು ಬಹಳ ನಿಧಾನವಾಗಿ ತಿರುಗಿಸುತ್ತಾ ಒಂದೊಂದನ್ನೇ ಹುಡುಕಿ, ಸಿಕ್ಕಿದಾಗ ನಿಲ್ಲಿಸಿ, ಅದರ ಹೆಸರು ಹೇಳಿ, ಮುಂದಕ್ಕೆ ಹೋದಳು. ಅವಸರಪಡಲಿಲ್ಲ. ನಾನು ಅಳುತ್ತಿದ್ದೆ. ಅವಳು ಅಳಲಿಲ್ಲ. ನೀನು ಗಾಡಿ ಕಲಿತ ಜಾಗ ಎಲ್ಲಿ ಅಂತ ಕೇಳಿದಳು. ಅಲ್ಲೀಗ ಆಳೆತ್ತರದ ನೀರು ಅಂದೆ. "ಒಳ್ಳೇದಾಯ್ತು ಬಿಡು. ನಿನ್ ರಿವರ್ಸ್ ಗುರುತೆಲ್ಲಾ ಮುಚ್ಚೋಯ್ತು" ಅಂದಳು.

ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದೆವು. ಕೆಳಗಿಳಿದು ಮನೆಗೆ ಬಂದಾಗ ಸಂಜೆಯ ಬೆಳಕು ಇನ್ನೂ ಇತ್ತು. ಚಿಕ್ಕಮ್ಮ ಇಳಿಯಲು ಹೊರಟು ಹಿಡಿಗಾಗಿ ಕೈ ಆಡಿಸಿದಳು. ಕೈ ಬರೀ ಗಾಳಿಯಲ್ಲಿ ಎರಡು ಸಲ ತಡವಿತು. ಅಮ್ಜದ್ ಓಡಿಬಂದು ಕೆಳಗೆ ಕ್ರೇಟು ಹಾಕಿ, ಕೈ ಹಿಡಿದು ಇಳಿಸಿದ. ಕ್ರೇಟಿನ ಮೇಲೆ ನಿಂತು ಅವಳು ಜೀಪಿನ ಕಡೆ ತಿರುಗಿ ಮೇಲೆ ಕೆಳಗೆ ತಲೆಯಾಡಿಸಿ ಆ ಹಿಡಿಯನ್ನು ಹುಡುಕಿ ನೋಡಿದಳು. ಆಮೇಲೆ ದಿನಸಿ ತರಲು ಹೇಳುವ ದನಿಯಲ್ಲಿ ಹೇಳಿದಳು:

"ಆ ಹಿಡಿನ ಕೆಳಕ್ ಹಾಕ್ಸು ಪದ್ದಿ. ಮುಂದಿನ್ ಸಲ ಕೈಯೇ ಹುಡುಕ್ಬೇಕಲ್ಲಾ."

ಮಾರನೆಯ ಬೆಳಿಗ್ಗೆ ಆಫೀಸಿಗೆ ಬೀಗ ಹಾಕಿ ಜೀಪನ್ನು ಮತ್ತೆ ಶೆಡ್ಡಿಗೆ ತಗೊಂಡು ಹೋದೆ. ಚಿಕ್ಕಮ್ಮನೂ ಬಂದಳು. ಅಮ್ಜದ್ ಅಭ್ಯಾಸಬಲದಿಂದ ಬಾಗಿಲಿಗೆ ಕ್ರೇಟು ಹಿಡಿದು ಅಳೆಯಲು ಹೊರಟ. ನಾನು ಅದನ್ನು ಅವನ ಕೈಯಿಂದ ಕಿತ್ತುಕೊಂಡು ನೆಲಕ್ಕೆ ಬೋರಲು ಹಾಕಿದೆ. ಚಿಕ್ಕಮ್ಮ ಅದರ ಮೇಲೆ ಹತ್ತಿ ನಿಂತಳು. ನಾವು ಹೇಳದೆಯೇ ಕಣ್ಣು ಮುಚ್ಚಿಕೊಂಡಳು. ಬಲಗೈ ಚಾಚಿದಳು. ಆ ಕೈ ಹೋಗಿ ಕಂಬಿಗೆ ಎಲ್ಲಿ ತಾಗಿತೋ ಅಲ್ಲಿ ಅಮ್ಜದ್ ಸೀಮೆಸುಣ್ಣದಿಂದ ಒಂದು ಗೆರೆ ಎಳೆದ. ಇನ್ನೊಂದು ಸಲ ಅಂದಳು. ಇನ್ನೊಂದು ಸಲವೂ ಕೈ ಅಲ್ಲಿಗೇ ಬಂತು.

ಬಳೆ ಈಗ ಉಂಗುರವಾಗಿದೆ ಅನ್ನುತ್ತಾಳೆ. ಆದರೂ ಭಾನುವಾರ ಬಂದರೆ ಹಸಿರು ಸೀರೆಯುಟ್ಟು ತಯಾರು. ನಾನು ಜೀಪನ್ನು ಜಗಲಿಯ ಕೆಳಗಿನ ಕ್ರೇಟಿಗೆ ಒತ್ತಿ ನಿಲ್ಲಿಸುತ್ತೇನೆ. ಅವಳು ಗೋಡೆ ಹಿಡಿದು ಬರುತ್ತಾಳೆ, ಅಂಚಿಗೆ ಬಂದು ಒಂದು ಕಾಲು ಮುಂದಿಡುತ್ತಾಳೆ. ಕಾಲಿಗೆ ಕ್ರೇಟು ಸಿಗುತ್ತದೆ, ಕೈಗೆ ಹಿಡಿ ಸಿಗುತ್ತದೆ. ಯಾರ ಭುಜವೂ ಬೇಡ. ಹತ್ತಿ ಕೂತು, ಗೋಣಿಚೀಲ ಸರಿಮಾಡಿಕೊಂಡು, ಹೊರಡು ಅನ್ನುತ್ತಾಳೆ. ಕ್ರೇಟು ಮಾತ್ರ ಇಟ್ಟ ಜಾಗದಲ್ಲೇ ಇರಬೇಕು, ಅಷ್ಟೇ.